ಪುದೀನಕ್ಕೆ ಬೇರುತಡೆ ಹಾಳೆ ಬೇಕೇ, ತಳ ತೆಗೆದ ಬಕೆಟ್ ಸಾಕೇ?

ಬೇರುತಡೆ ಹಾಳೆ ಎಂಬ ಹೆಸರಲ್ಲಿ ಸಿಗುವ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಕಪ್ಪು ಸುರುಳಿಯ ಮುಖ್ಯ ಕೆಲಸ ಬೇರೆಯೇ ಇದೆ: ಹಬ್ಬುವ ಜಾತಿಯ ಬಿದಿರನ್ನು ತಡೆಯುವುದು, ಮರದ ಬೇರು ಕಲ್ಲುಹಾಸನ್ನು ಎಬ್ಬಿಸದಂತೆ ನೋಡಿಕೊಳ್ಳುವುದು. ಅದೇ ಸುರುಳಿಯನ್ನು ಕಡಿಮೆ ಅಗಲದಲ್ಲಿ ಕತ್ತರಿಸಿ ಪುದೀನದಂಥ ಗಿಡಗಳಿಗೂ ಕೊಡುತ್ತಾರೆ. ಹಾಳೆ ಕೆಟ್ಟದ್ದೇನಲ್ಲ. ಆದರೆ ಜೊತೆಗೆ ಬರುವ ಸೂಚನಾ ಚೀಟಿ ಬಿದಿರಿಗೆ ಬರೆದದ್ದು. ಎಷ್ಟು ಆಳ ಎಂಬುದರ ಸುತ್ತಲೇ ಅದರ ಮಾತೆಲ್ಲ. ಪುದೀನ ಆಳದಿಂದ ತಪ್ಪಿಸಿಕೊಳ್ಳುವುದು ಅಪರೂಪ. ಅದು ಹೊರಬೀಳುವುದು ಮೇಲಂಚಿನಿಂದ, ಇಲ್ಲವೇ ಹಾಳೆಯ ಎರಡು ತುದಿ ಕೂಡುವ ಜಾಗದಿಂದ. ಹಾಳೆ, ಬಕೆಟ್, ಕುಂಡ, ಬಟ್ಟೆಚೀಲ, ಯಾವುದನ್ನೇ ಅಳೆಯುವಾಗಲೂ ಈ ಎರಡು ಜಾಗಗಳನ್ನೇ ಮೊದಲು ನೋಡಬೇಕು.

ಗಿಡದ ನಡೆ ಗೊತ್ತಿದ್ದರೆ ಇದು ತಾನೇ ಅರ್ಥವಾಗುತ್ತದೆ. ಪುದೀನದ ಹಬ್ಬುಕಾಂಡಗಳು, ಅಂದರೆ ಅಡ್ಡಕ್ಕೆ ಹರಡುವ ಕಾಂಡಗಳು, ನೆಲದ ಮೇಲೂ ಓಡುತ್ತವೆ, ಮಣ್ಣಿನೊಳಗೂ ಓಡುತ್ತವೆ. ಒಳಗಿನವು ಬಹುಪಾಲು ಮೇಲಿನ 5ರಿಂದ 15 ಸೆಂ.ಮೀ. ಪದರದಲ್ಲೇ ಇರುತ್ತವೆ. ಚೆನ್ನಾಗಿ ಬೆಳೆದ ಬುಡದ ಪಕ್ಕದಲ್ಲಿ ಬೆರಳಿನಿಂದ ಮಣ್ಣು ಸರಿಸಿದರೆ ಬಿಳಿ ಅಥವಾ ನಸುಗೆಂಪು ಬಣ್ಣದ ಚೌಕಕಾಂಡ ಕಾಣುತ್ತದೆ. ಎರಡು ಮೂರು ಸೆಂ.ಮೀ.ಗೊಂದು ಗೆಣ್ಣು, ಪ್ರತಿ ಗೆಣ್ಣಿನಲ್ಲೂ ಎದುರುಬದುರು ಎರಡು ಮೊಗ್ಗು, ಅವುಗಳ ಕೆಳಗೆ ನೂಲಿನಂಥ ಬೇರಿನ ಕುಚ್ಚು. ತುದಿ ಮಾತ್ರ ಚೂಪಾಗಿ, ಬಿಗಿಯಾಗಿ ಇರುತ್ತದೆ. ಗೋಡೆಗೆ ತಾಗಿದ ತುದಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಗೋಡೆಯನ್ನೇ ಅನುಸರಿಸಿ ಸುತ್ತು ಹಾಕುತ್ತದೆ, ಸಂದು ಸಿಕ್ಕರೆ ನುಗ್ಗುತ್ತದೆ, ಸಿಗದಿದ್ದರೆ ಮೇಲಕ್ಕೇರಿ ಬೆಳಕು ಹುಡುಕುತ್ತದೆ. ಒಂದು ಗೆಣ್ಣಿರುವ ತುಂಡು ಹಸಿಮಣ್ಣಿನಲ್ಲಿ ಬಿದ್ದರೂ ಹೊಸ ಗಿಡವಾಗಬಲ್ಲದು. ಬೆರಳು ತೋರಿಸಿದರೆ ಹಸ್ತ ನುಂಗುವ ಜಾತಿ ಎನ್ನುವುದು ಸುಮ್ಮನೆ ಅಲ್ಲ.

ಮೊದಲು ಹಾಳೆಯ ದಪ್ಪದ ಮಾತು. ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್, ಎರಡು ಮಿಲಿಮೀಟರ್, ಹೀಗೆ ಸಿಗುತ್ತವೆ. ಕೆಲವು ಕಡೆ ಮಿಲ್ ಎಂಬ ಅಳತೆಯಲ್ಲಿ ಬರೆದಿರುತ್ತಾರೆ, 40 ಮಿಲ್ ಎಂದರೆ ಸುಮಾರು 1 ಮಿ.ಮೀ. ಅರ್ಧ ಮಿಲಿಮೀಟರಿನದನ್ನು ಪುದೀನ ತೂತು ಮಾಡುತ್ತದೆಂಬ ಭಯ ಬೇಡ. ಅದರ ತೊಂದರೆ ಬೇರೆ: ಮಣ್ಣು ತುಂಬುವಾಗ ಮಡಿಕೆ ಬೀಳುತ್ತದೆ, ಮೇಲಂಚು ಅಲೆಅಲೆಯಾಗಿ ಕೆಲವು ಕಡೆ ನೆಲಮಟ್ಟಕ್ಕೆ ಇಳಿಯುತ್ತದೆ. ಇಳಿದ ಕಡೆ ದಾರಿ ತೆರೆಯಿತೆಂದೇ ಲೆಕ್ಕ. 2 ಮಿ.ಮೀ. ಹಾಳೆ ಬಿದಿರಿನ ಬಲಕ್ಕೆ ಸರಿ, ಪುದೀನಕ್ಕೆ ಅತಿಯಾಯಿತು. ಸಣ್ಣ ವೃತ್ತಕ್ಕೆ ಬಾಗಿಸಿದರೆ ನೆಟ್ಟಗಾಗಲು ಹವಣಿಸುತ್ತಲೇ ಇದ್ದು ಜೋಡಣೆಯನ್ನು ಎಳೆಯುತ್ತದೆ. 1 ಮಿ.ಮೀ. ತಕ್ಕುದು. ಅಗಲ 45 ಸೆಂ.ಮೀ. ತೆಗೆದುಕೊಳ್ಳಿ: 40 ಮಣ್ಣಿನೊಳಗೆ, 5 ನೆಲದ ಮೇಲೆ. 60 ಸೆಂ.ಮೀ. ತಂದರೆ ಹೆಚ್ಚು ಅಗೆತ, ಹೆಚ್ಚು ಲಾಭವಿಲ್ಲ. ಜಿಗುಟಾದ ಎರೆಮಣ್ಣಿನಲ್ಲಿ 30 ಸೆಂ.ಮೀ. ಅಗಲವೂ ನಡೆದೀತು; ಸಡಿಲವಾದ ಮರಳುಮಣ್ಣಿನಲ್ಲಿ ಹಬ್ಬುಕಾಂಡ ಸ್ವಲ್ಪ ಕೆಳಗಿಳಿಯುತ್ತದಾದ್ದರಿಂದ ಅಲ್ಲಿ ಅಷ್ಟು ಕಡಿಮೆ ಬೇಡ.

ಉದ್ದದ ಲೆಕ್ಕದಲ್ಲಿ ಅನೇಕರು ಎಡವುತ್ತಾರೆ. 1 ಮೀಟರ್ ವ್ಯಾಸದ ವೃತ್ತಕ್ಕೆ 3.14 ಮೀಟರ್ ಎಂದು ಅಷ್ಟೇ ತಂದರೆ ಎರಡು ತುದಿ ಒಂದಕ್ಕೊಂದು ಮುಟ್ಟುತ್ತವೆ, ಮೇಲೆ ಮೇಲೆ ಬರುವುದಿಲ್ಲ. ಕನಿಷ್ಠ 30 ಸೆಂ.ಮೀ. ಒಂದರ ಮೇಲೊಂದು ಕೂರಬೇಕು, ಅಂದರೆ 3.5 ಮೀಟರ್ ಬೇಕು. ಚೌಕದ ಪಾತಿ ನೋಡಲು ಚೆಂದ. ಆದರೆ ಮೂಲೆಗೆ ಹಾಳೆಯನ್ನು ಮಡಿಸಿದ ಗೆರೆ ದುರ್ಬಲವಾಗುತ್ತದೆ, ಹಬ್ಬುಕಾಂಡಗಳೂ ಮೂಲೆಯಲ್ಲೇ ಗುಂಪುಗೂಡಿ ಮೇಲಕ್ಕೇಳುತ್ತವೆ. ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿ ಹಾಕಿದರೆ ಈ ತಾಪತ್ರಯವಿಲ್ಲ.

ಇನ್ನು ಜೋಡಣೆ. ಸುರುಳಿಯ ಜೊತೆ ಕೊಡುವ ಒಂಟಿ ಅಂಟುಪಟ್ಟಿಯನ್ನು ಮಾತ್ರ ನಂಬಿದರೆ ಕೆಟ್ಟಿರಿ. ಎಚ್‌ಡಿಪಿಇ ಮೇಣದಂತೆ ನುಣುಪಾದ ಪ್ಲಾಸ್ಟಿಕ್. ಸಾಮಾನ್ಯ ಗೋಂದು, ಬಟ್ಟೆಯ ಟೇಪು ಇದಕ್ಕೆ ಹಿಡಿಯುವುದೇ ಇಲ್ಲ, ತೇವ ತಗುಲಿದರೆ ಸುಲಿದುಬರುತ್ತವೆ. ಬ್ಯುಟೈಲ್ ರಬ್ಬರಿನ ಎರಡು ಮುಖದ ಪಟ್ಟಿ ಹಿಡಿಯುತ್ತದೆ, ಆದರೆ ಮೇಲ್ಮೈ ಒಣಗಿ ಸ್ವಚ್ಛವಾಗಿದ್ದರೆ ಮಾತ್ರ. ಎರಡು ತುದಿಗಳನ್ನೂ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಆರಿಸಿ, ಮೇಲಿನಿಂದ ಕೆಳಗಿನವರೆಗೆ ಎರಡು ಸಾಲು ಪಟ್ಟಿ ಅಂಟಿಸಿ, ಅದರ ಮೇಲೆ 10 ಸೆಂ.ಮೀ.ಗೊಂದರಂತೆ ಸ್ಟೇನ್‌ಲೆಸ್ ಬೋಲ್ಟು ಹಾಕಿ ಎರಡೂ ಕಡೆ ಅಗಲ ವಾಷರ್ ಕೊಟ್ಟು ಬಿಗಿಯಬೇಕು. ಲೋಹದ ಜೋಡುಪಟ್ಟಿ ಸಿಗುವುದಾದರೆ ಇನ್ನೂ ಒಳ್ಳೆಯದು, ಹಾಳೆಯ ಅಗಲದಷ್ಟೇ ಉದ್ದವಿದೆಯೇ ಎಂದು ನೋಡಿ, 40 ಸೆಂ.ಮೀ. ಪಟ್ಟಿಯನ್ನು 45 ಸೆಂ.ಮೀ. ಹಾಳೆಗೆ ಹಾಕಿ ಉಳಿದ 5 ಸೆಂ.ಮೀ. ಬಾಯಿ ಬಿಟ್ಟುಕೊಂಡಿದ್ದರೆ ಏನು ಪ್ರಯೋಜನ? ಜೋಡಣೆಯನ್ನು ನೆಲದ ಮೇಲೆ, ಗುಂಡಿಗಿಳಿಸುವ ಮುನ್ನವೇ ಮುಗಿಸಿ. ಗುಂಡಿಯೊಳಗೆ ಕೂತು ಮಣ್ಣುಕೈಯಲ್ಲಿ ಅಂಟಿಸಿದ ಪಟ್ಟಿ ಬಹುಕಾಲ ಬಾಳುವುದಿಲ್ಲ.

ಹಾಳೆ ಕೂರಿಸಲು ಒಂದು ಸನಿಕೆಯಗಲದ ಕಾಲುವೆ ಸಾಕು. ತಳದ ಚೂಪುಕಲ್ಲು, ಹಳೆಯ ಬೇರಿನ ಮೊಳಕೆ ತೆಗೆದುಬಿಡಿ. ಮೇಲಂಚು ಗಿಡದಿಂದ ಹೊರಕ್ಕೆ ತುಸು ವಾಲಿರಲಿ. ವಾಲಿದ ಗೋಡೆಗೆ ತಾಗಿದ ತುದಿ ಕೆಳಗಿಳಿಯದೆ ಮೇಲಕ್ಕೆ ತಿರುಗುತ್ತದೆ, ಕಣ್ಣಿಗೆ ಬಿದ್ದ ತುದಿಯನ್ನು ಕತ್ತರಿಸಿಹಾಕಬಹುದು. ಮಣ್ಣನ್ನು ಒಳಗಡೆ ಒಂದು ಪದರ, ಹೊರಗಡೆ ಒಂದು ಪದರ ಎಂದು ಸರದಿಯಲ್ಲಿ ತುಂಬಿ ತುಳಿಯುತ್ತ ಬನ್ನಿ. ಒಂದೇ ಕಡೆ ತುಂಬಿದರೆ ಹಾಳೆ ಹೊಟ್ಟೆ ಬಿಡುತ್ತದೆ, ಪಕ್ಕದಲ್ಲಿ ಪೊಳ್ಳು ಉಳಿಯುತ್ತದೆ. ಆ ಪೊಳ್ಳಿನಲ್ಲಿ ಹಬ್ಬುಕಾಂಡ ಸಲೀಸಾಗಿ ಕೆಳಗಿಳಿದು ಹಾಳೆಯ ಬುಡದಡಿ ನುಸುಳಬಹುದು. ಪುದೀನ ಆಳಕ್ಕಿಳಿಯುವ ಅಪರೂಪದ ಸಂದರ್ಭ ಇದೇ.

ಮೇಲಂಚು 5 ಸೆಂ.ಮೀ. ಎಂದರೆ ಯಾವುದರಿಂದ 5? ಹಾಕಿದ ದಿನದ ಮಣ್ಣಿನಿಂದಲ್ಲ, ಹೊದಿಕೆ ಹಾಸಿದ ಮೇಲಿನ ಮಟ್ಟದಿಂದ. ತರಗೆಲೆ, ಹುಲ್ಲು, ತೊಗಟೆ ಹೊದಿಸುವವರು ಅಂಚಿಗೆ ಸಮನಾಗಿ ಹೊದಿಸಿಬಿಡುತ್ತಾರೆ. ಹಬ್ಬುಕಾಂಡಕ್ಕೆ ಅದು ಕಟ್ಟಿಕೊಟ್ಟ ಸೇತುವೆ. ವರ್ಷವರ್ಷ ಗೊಬ್ಬರ ಸುರಿದಂತೆ ಒಳಗಿನ ಮಣ್ಣೂ ಏರುತ್ತದೆ. ಒಳಮಟ್ಟ ಅಂಚಿಗಿಂತ 5 ಸೆಂ.ಮೀ. ಕೆಳಗೇ ಇರುವಂತೆ ಆಗಾಗ ಮೇಲ್ಮಣ್ಣು ತೆಗೆಯಿರಿ. ನೋಡಲು ಚೆನ್ನಾಗಿಲ್ಲವೆಂದು ಕಪ್ಪು ಅಂಚನ್ನು ಮಣ್ಣಿನಿಂದ ಮುಚ್ಚುವವರಿದ್ದಾರೆ. ಅವರು ಹಾಳೆ ಕೊಳ್ಳುವ ಅಗತ್ಯವೇ ಇರಲಿಲ್ಲ.

ಇಷ್ಟೆಲ್ಲ ಕೆಲಸ ಮೂರು ನಾಲ್ಕು ಬುಡ ಪುದೀನಕ್ಕೆ ಬೇಕೇ ಎಂದರೆ, ಬೇಡ. ಒಂದು ಮೀಟರಿಗಿಂತ ಸಣ್ಣ ಪಾತಿಗೆ ತಳ ಕತ್ತರಿಸಿದ 20 ಲೀಟರಿನ ಗಟ್ಟಿ ಬಕೆಟ್ ಹಾಳೆಗಿಂತ ಮೇಲು, ಕಾರಣ ಸರಳ: ಅದಕ್ಕೆ ಜೋಡಣೆಯೇ ಇಲ್ಲ. ಬಣ್ಣ ತುಂಬಿ ಬರುವ ದಪ್ಪಗೋಡೆಯ ಬಕೆಟ್ ಒಳ್ಳೆಯದು, ಒಳಗಿನ ಬಣ್ಣ ಪೂರ್ತಿ ಕೆರೆದು ತೊಳೆದಿದ್ದರೆ. ಸ್ನಾನದ ಮನೆಯ ತೆಳು ಬಕೆಟ್ಟಿನ ಅಂಚು ಬಿಸಿಲಿಗೆ ಪುಡಿಯಾಗುತ್ತದೆ. ಅಂಚು ಒಡೆದ ಸೀಳಿನಿಂದಲೇ ಪುದೀನ ಹೊರಡುತ್ತದೆ. ತಳ ತೆಗೆಯಲು ಡ್ರಿಲ್ಲಿನಿಂದ ಒಂದು ತೂತು ಮಾಡಿ ಸಣ್ಣ ಗರಗಸ ತೂರಿಸಿ ಕೊಯ್ಯಿರಿ, ಗೋಡೆಯ ಒತ್ತಿನಲ್ಲಿ 2 ಸೆಂ.ಮೀ. ತಳದ ಬಳೆ ಉಳಿಸಿಕೊಳ್ಳಿ. ಆ ಬಳೆ ಇದ್ದರೆ ಬಕೆಟ್ ಅಂಡಾಕಾರಕ್ಕೆ ತಿರುಚಿಕೊಳ್ಳುವುದಿಲ್ಲ. ಹಿಡಿಕೆ ಕಳಚಿ. ಹಿಡಿಕೆ ಸಿಕ್ಕಿಸುವ ಕಿವಿಯಲ್ಲಿ ಗೋಡೆಯನ್ನೇ ತೂರಿದ ತೂತಿದೆಯೇ ನೋಡಿ. ಇದ್ದರೆ ಅದು ಮಣ್ಣಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲವೇ ಮುಚ್ಚಿ. ಹೆಚ್ಚಿನವು 35 ಸೆಂ.ಮೀ. ಆಸುಪಾಸಿನ ಎತ್ತರದವು, 30 ಒಳಗೆ, 5 ಹೊರಗೆ ಎಂದು ಹೂತರೆ ಆಳ ಸಾಕು.

ಹೂಳುವ ಮುಂಚೆ ಗುಂಡಿಯ ತಳವನ್ನು ಇನ್ನೊಂದು 10 ಸೆಂ.ಮೀ. ಕೆದಕಿ ಸಡಿಲಿಸಬೇಕು. ಗಟ್ಟಿ ಎರೆಮಣ್ಣಿನಲ್ಲಿ ಹಾಗೆ ಮಾಡದಿದ್ದರೆ ಬಕೆಟ್ ಬಾವಿಯಾಗುತ್ತದೆ: ಮೇಲಂಚು ಎತ್ತರವಿರುವುದರಿಂದ ಮಳೆನೀರು ಹೊರಗೆ ಹರಿಯದೆ ಒಳಗೇ ನಿಲ್ಲುತ್ತದೆ, ಪುದೀನಕ್ಕೆ ತೇವ ಇಷ್ಟವಾದರೂ ನೀರಲ್ಲಿ ಕೂತ ಬೇರು ಕೊಳೆಯುತ್ತದೆ. ತಗ್ಗಿನ ಜಾಗ ಬಿಟ್ಟು ಬೇರೆಡೆ ಹಾಕುವುದು ಇನ್ನೂ ಸುಲಭ.

ತಳವಿರುವ, ತೂತುಗಳಿರುವ ಕುಂಡವನ್ನು ಹಾಗೇ ಹೂಳುವ ಕ್ರಮವೂ ಇದೆ. ತೂತಿನ ಮೂಲಕ ಬೇರು ಹೊರಬರುವುದು ಖಂಡಿತ, ಹಬ್ಬುಕಾಂಡವೂ ಬರಬಹುದು. ಬಲೆ ಹಾಕಿದರೆ ಸ್ವಲ್ಪ ನಿಧಾನವಾದೀತು, ಅಷ್ಟೇ. ಇದಕ್ಕಿಂತ ಜೋಡುಕುಂಡ ಜಾಣತನದ್ದು: ಹೊರಗಿನ ಕುಂಡವನ್ನು ಹೂತು, ತಳಕ್ಕೆ ಒಂದು ಇಟ್ಟಿಗೆ ಚೂರಿಟ್ಟು, ಅದರೊಳಗೆ 2 ಸೆಂ.ಮೀ. ಸಂದು ಉಳಿಯುವಂತೆ ಸಣ್ಣ ಕುಂಡ ಇಳಿಸುವುದು. ಒಳಕುಂಡವನ್ನು ಆಗಾಗ ಎತ್ತಿ, ತೂತಿನಿಂದ ಇಳಿಬಿದ್ದ ಬಿಳಿಬೇರನ್ನು ಕತ್ತರಿಸಿ ಮತ್ತೆ ಇಳಿಸಬಹುದು. ಗಿಡವನ್ನು ನೆರಳಿಗೆ ಸರಿಸಬೇಕಾದರೂ ಅನುಕೂಲ. ಕೊರತೆ ಒಂದೇ, ಸಂದಿನಲ್ಲಿ ನೀರು ನಿಂತರೆ ಸೊಳ್ಳೆ. ಹೊರಕುಂಡದ ತಳದಲ್ಲೂ ತೂತಿರಲಿ.

ಬಟ್ಟೆಯ ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಬಟ್ಟೆಚೀಲ, ಪುದೀನಕ್ಕೆ ಒಳ್ಳೆಯ ತಡೆ ಎಂಬ ಹೊಗಳಿಕೆ ಅರ್ಧ ನಿಜ. ಕಲ್ಲುಹಾಸಿನ ಮೇಲೋ ಸಿಮೆಂಟು ನೆಲದ ಮೇಲೋ ಇಟ್ಟರೆ ಚೀಲದ ಗೋಡೆಗೆ ಬಂದ ಬೇರಿನ ತುದಿ ಗಾಳಿಗೆ ಒಣಗುತ್ತದೆ, ಬೇರು ಸುರುಳಿ ಸುತ್ತುವುದು ಕಡಿಮೆ, ಗಿಡ ಚೆನ್ನಾಗಿರುತ್ತದೆ. ನೀರು ಮಾತ್ರ ಬೇಗ ಆರುತ್ತದೆ. ಬೇಸಗೆಯಲ್ಲಿ ದಿನವೂ ನೋಡಬೇಕು. ಅದೇ ಚೀಲವನ್ನು ಮಣ್ಣಿನ ಮೇಲಿಟ್ಟರೆ ಒಣಗಿಸುವ ಗಾಳಿ ತಳಕ್ಕೆ ಸಿಗುವುದಿಲ್ಲ, ಬೇರು ಬಟ್ಟೆಯನ್ನು ದಾಟಿ ನೆಲಕ್ಕಿಳಿಯುತ್ತದೆ. ಮಣ್ಣಿನೊಳಗೆ ಹೂತರಂತೂ ತಡೆಯೆಂಬ ಹೆಸರಿಗೂ ಅದು ಲಾಯಕ್ಕಲ್ಲ. ಚೀಲದ ಹೊಲಿಗೆ ಸಡಿಲವಾದ ಕಡೆ ಮೊದಲ ಚಿಗುರು ಹೊರಗಿಣುಕುತ್ತದೆ.

10 ಸೆಂ.ಮೀ. ಎತ್ತರದ ಪಾತಿಯಂಚು ಪಟ್ಟಿಗಳು ಹುಲ್ಲುಹಾಸಿನ ಗೆರೆ ನೇರವಾಗಿಡಲು ಇರುವಂಥವು, ಪುದೀನಕ್ಕೆ ಅಡ್ಡಿಯೇ ಅಲ್ಲ. ಕಳೆ ತಡೆಯುವ ನೇಯ್ಗೆಬಟ್ಟೆಯನ್ನು ಸುತ್ತ ಹಾಸಿದರೆ ಹಬ್ಬುಕಾಂಡ ಬಟ್ಟೆಯ ಮೇಲಿನ ಹೊದಿಕೆಯೊಳಗೇ ಆರಾಮಾಗಿ ಓಡಿ, ಕೆಳಕ್ಕೆ ಬೇರನ್ನು ನೇಯ್ಗೆಯ ಮೂಲಕ ಇಳಿಸುತ್ತದೆ. ಆಮೇಲೆ ಅದನ್ನು ಕೀಳಬೇಕೆಂದರೆ ಬಟ್ಟೆಯನ್ನೂ ಹರಿಯಬೇಕು. ಎರಡಕ್ಕೂ ನಮ್ಮ ಶಿಫಾರಸಿಲ್ಲ.

ಯಾವ ತಡೆಯೂ ಮಾಡಲಾಗದ ಕೆಲಸ ಒಂದಿದೆ. ಎತ್ತರ ಬೆಳೆದ ಕೊಂಬೆ ಮಳೆಗೆ ಬಾಗಿ ಅಂಚು ದಾಟಿ ಹೊರಗಿನ ಮಣ್ಣಿಗೆ ತಾಗಿದರೆ ತಾಗಿದ ಗೆಣ್ಣಿನಲ್ಲೇ ಬೇರು ಬಿಡುತ್ತದೆ. ತಡೆಯ ಹೊರಗೆ ಸುತ್ತಲೂ 20 ಸೆಂ.ಮೀ. ಅಗಲಕ್ಕೆ ಏನನ್ನೂ ನೆಡದೆ ಬರಿದಾಗಿಡುವುದು ಇದಕ್ಕೇ: ದಾಟಿದ್ದು ಕಣ್ಣಿಗೆ ಬೀಳುತ್ತದೆ. ಕೊಂಬೆ 20–25 ಸೆಂ.ಮೀ. ಆದಾಗ ನೆಲದಿಂದ 4–5 ಸೆಂ.ಮೀ. ಬಿಟ್ಟು ಕೊಯ್ದರೆ ಬಾಗುವ ಪ್ರಶ್ನೆಯೇ ಬರುವುದಿಲ್ಲ. ಹೂ ಬಿಡುವ ಮುನ್ನ ಕೊಯ್ದರೆ ಎಲೆಯ ಘಮವೂ ಚೆನ್ನ, ಬೀಜ ಉದುರುವ ಭಯವೂ ಇಲ್ಲ. ಪುದೀನದ ಬಗೆಗಳಲ್ಲಿ ಪೆಪ್ಪರ್‌ಮಿಂಟ್ ಸಂಕರಜಾತಿ, ಅದರಲ್ಲಿ ಮೊಳೆಯುವ ಬೀಜ ಕಟ್ಟುವುದು ತೀರಾ ಕಡಿಮೆ. ಸ್ಪಿಯರ್‌ಮಿಂಟ್ ಬೀಜ ಕಟ್ಟುತ್ತದೆ, ಆ ಬೀಜದ ಸಸಿಗೆ ತಾಯಿಯ ಪರಿಮಳ ಇರಲೇಬೇಕೆಂದಿಲ್ಲ. ಇವೆರಡನ್ನೂ ಹಾಳೆಯ ಅಥವಾ ಬಕೆಟ್ಟಿನ ಒಂದೇ ಬಳೆಯೊಳಗೆ ನೆಟ್ಟರೆ ಹೆಚ್ಚು ಬಲದ್ದು ಇನ್ನೊಂದನ್ನು ಮುಗಿಸುತ್ತದೆ. ಬಳೆಗೊಂದೇ ಜಾತಿ.

ಕಟ್ಟಿಹಾಕಿದ ಪುದೀನಕ್ಕೆ ಬರುವ ಕಾಯಿಲೆ, ಅದು ತನ್ನನ್ನು ತಾನೇ ಉಸಿರುಗಟ್ಟಿಸಿಕೊಳ್ಳುವುದು. ಹೊರಗೆ ಹೋಗಲಾಗದ ಹಬ್ಬುಕಾಂಡಗಳು ಗೋಡೆಯ ಒಳಸುತ್ತಿನಲ್ಲಿ ಚಾಪೆಯಂತೆ ಹೆಣೆದುಕೊಳ್ಳುತ್ತವೆ. ಎರಡು ವರ್ಷದ ಹೊತ್ತಿಗೆ ನಡುವೆ ಬೋಳು, ಅಂಚಿನಲ್ಲಿ ಮಾತ್ರ ಚಿಗುರು. ಎಲೆ ಚಿಕ್ಕದು, ಕೆಳಗಿನವು ಹಳದಿ, ಸುರಿದ ನೀರು ಮೇಲೇ ನಿಂತು ಬದಿಯಿಂದ ಇಳಿದುಹೋಗುತ್ತದೆ. ಗೊಬ್ಬರ ಸುರಿದರೆ ಸರಿಹೋಗುವುದಿಲ್ಲ. ಹೊಸ ಚಿಗುರು ಹೊರಡುವ ಮುನ್ನ ಇಡೀ ಗಡ್ಡೆಯನ್ನು ಎತ್ತಿ, ಅಂಚಿನ ಬಿಳಿ, ಗಟ್ಟಿ ಕಾಂಡಗಳಿಂದ 10 ಸೆಂ.ಮೀ. ತುಂಡುಗಳನ್ನು ಆರಿಸಿ. ಪ್ರತಿ ತುಂಡಿನಲ್ಲೂ ಮೂರು ಗೆಣ್ಣಾದರೂ ಇರಲಿ. 30 ಸೆಂ.ಮೀ. ಅಗಲದ ಬಕೆಟ್ಟಿಗೆ ಮೂರು ತುಂಡು ಸಾಕು, ಅಡ್ಡಡ್ಡ ಮಲಗಿಸಿ 3–4 ಸೆಂ.ಮೀ. ಮಣ್ಣು ಮುಚ್ಚಿ. ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಕೋಕೋಪೀಟ್ ಹದವಾದ ಮಿಶ್ರಣ. ಸಾರಜನಕ ಹೆಚ್ಚಾದರೆ ಎಲೆ ಅಗಲವಾಗಿ ಮೆತ್ತಗಾಗುತ್ತದೆ, ಘಮ ಇಳಿಯುತ್ತದೆ.

ಎಲೆಯಡಿ ಕಿತ್ತಳೆ ಬಣ್ಣದ ಪುಡಿಗುಳ್ಳೆ ಕಂಡರೆ ಅದು ಪುದೀನದ ತುಕ್ಕುರೋಗ, ಪುಕ್ಸಿನಿಯಾ ಮೆಂಥೆ ಎಂಬ ಶಿಲೀಂಧ್ರದ್ದು. ಗಾಳಿಯಾಡದ ದಟ್ಟ ಬಳೆಯೊಳಗೆ ಬೇಗ ಹರಡುತ್ತದೆ. ಸೊಪ್ಪನ್ನು ನೆಲಮಟ್ಟಕ್ಕೆ ಕತ್ತರಿಸಿ, ಉದುರಿದ ಎಲೆಯನ್ನೂ ಆಯ್ದು ಹೊರಹಾಕಿ. ಅಪರೂಪದ ತಳಿ, ಬಿಡಲು ಮನಸ್ಸಿಲ್ಲವೆಂದರೆ ತೊಳೆದ ಹಬ್ಬುಕಾಂಡವನ್ನು 44 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 10 ನಿಮಿಷ ಮುಳುಗಿಸಿ, ಕೂಡಲೇ ತಣ್ಣೀರಿಗೆ ಹಾಕಿ, ಬೇರೆ ಮಣ್ಣಿನಲ್ಲಿ ನೆಡಬಹುದು. ಥರ್ಮಾಮೀಟರ್ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಬಿಸಿ ಹೆಚ್ಚಾದರೆ ರೋಗದ ಜೊತೆ ಗಿಡವೂ ಹೋಗುತ್ತದೆ.

ಈಗಾಗಲೇ ಹಬ್ಬಿಹೋದ ತೋಟಕ್ಕೆ ತಂದ ಹಾಳೆಯಿಂದ ಮೊದಲ ದಿನವೇ ಉಪಯೋಗವಿಲ್ಲ. ಮೊದಲು ತೆಗೆಯಬೇಕು, ಆಮೇಲೆ ಕಟ್ಟಬೇಕು. ಹಿಂದಿನ ದಿನ ನೀರು ಬಿಟ್ಟು ಮಣ್ಣು ಹದ ಮಾಡಿ, ಕಟ್ಟಕಡೆಯ ಚಿಗುರಿನಿಂದ 30 ಸೆಂ.ಮೀ. ಆಚೆಯಿಂದ ಒಳಕ್ಕೆ ಅಗೆಯುತ್ತ ಬನ್ನಿ. ಸನಿಕೆ ಬೇಡ, ಹಲ್ಲಿನ ಗುದ್ದಲಿ ಒಳ್ಳೆಯದು. ಸನಿಕೆ ಕಾಂಡವನ್ನು ತುಂಡರಿಸುತ್ತದೆ, ಹಲ್ಲು ಉದ್ದಕ್ಕೆ ಎಬ್ಬಿಸುತ್ತದೆ. ಟಿಲ್ಲರ್ ಓಡಿಸಿದರೆ ಒಂದು ಕಾಂಡ ನೂರು ನಾಟಿಯಾಗುತ್ತದೆ. ಅಗೆದ ಮೇಲೂ ಉಳಿದ ಚೂರುಗಳು ಚಿಗುರುತ್ತವೆ, ನಾಲ್ಕು ಎಲೆ ಬರುವ ಮೊದಲೇ ವಾರಕ್ಕೊಮ್ಮೆ ಬುಡಸಮೇತ ಕೀಳುತ್ತಿದ್ದರೆ ಅವುಗಳ ಶಕ್ತಿ ಮುಗಿಯುತ್ತದೆ. ದೊಡ್ಡ ಜಾಗವಾದರೆ ಬಿರುಬಿಸಿಲಿನ ತಿಂಗಳಲ್ಲಿ ಮಣ್ಣು ಒದ್ದೆ ಮಾಡಿ ಪಾರದರ್ಶಕ ಪಾಲಿಥೀನ್ ಹೊದಿಸಿ, ಅಂಚನ್ನೆಲ್ಲ ಮಣ್ಣಿನಿಂದ ಮುಚ್ಚಿ 4ರಿಂದ 6 ವಾರ ಬಿಡುವ ದಾರಿಯಿದೆ. ಮೇಲುಪದರದಲ್ಲೇ ಇರುವ ಹಬ್ಬುಕಾಂಡಕ್ಕೆ ಆ ಕಾವು ತಟ್ಟುತ್ತದೆ. ಮೋಡ ಕವಿದ ದಿನಗಳಲ್ಲಿ ಇದು ವ್ಯರ್ಥ. ಕಿತ್ತದ್ದನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಎಸೆಯಬೇಡಿ, ಅಲ್ಲೇ ಬೇರು ಬಿಟ್ಟು ಗೊಬ್ಬರದ ಜೊತೆ ತೋಟಕ್ಕೆಲ್ಲ ಹೋಗುತ್ತದೆ. ಸಿಮೆಂಟು ನೆಲದ ಮೇಲೆ ಹರವಿ, ಮುರಿದರೆ ಚಟ್ಟೆನ್ನುವಷ್ಟು ಒಣಗಿಸಿ ಆಮೇಲೆ ಹಾಕಿ.

ಹಾಗಾದರೆ ಹಾಳೆ ಯಾರಿಗೆ? ಒಂದು ಮೀಟರಿಗಿಂತ ದೊಡ್ಡ ಪಾತಿಯಲ್ಲಿ ಪುದೀನ ಬೆಳೆಯುವವರಿಗೆ, ಅಥವಾ ಬೇಲಿಯಾಚೆಯಿಂದ ನೆರೆಯವರ ಪುದೀನ ಒಳಬರುವುದನ್ನು ತಡೆಯಬೇಕಾದವರಿಗೆ. ಎರಡನೆಯದರಲ್ಲಿ ಹಾಳೆ ನೇರಗೆರೆಯಲ್ಲಿ ಹೋಗುವುದರಿಂದ ಜೋಡಣೆಯ ತಲೆನೋವೇ ಇರುವುದಿಲ್ಲ, ಎರಡು ತುದಿಗಳನ್ನು ಗೋಡೆಗೋ ಕಲ್ಲುಹಾಸಿಗೋ ಒತ್ತಿ ನಿಲ್ಲಿಸಿದರಾಯಿತು. ಹಾಳೆ ತನ್ನ ಬೆಲೆಗೆ ಪೂರಾ ನ್ಯಾಯ ಒದಗಿಸುವುದು ಇಲ್ಲೇ. ಟ್ಯಾನ್ಸಿಯಂಥ ಹಬ್ಬುಬೇರಿನ ಗಿಡಗಳಿಗೂ ಇದೇ ಕ್ರಮ ಹೊಂದುತ್ತದೆ. ನಿಂಬೆಯ ಘಮದ ಲೆಮನ್ ಬಾಮ್ ಗಿಡಕ್ಕೆಂದು ಹಾಳೆ ತರುವವರು ಮಾತ್ರ ತಡೆಯಿರಿ: ಅದು ಬುಡದಲ್ಲಿ ಗುಂಪಾಗಿ ಬೆಳೆಯುತ್ತದೆ, ತೋಟವೆಲ್ಲ ಕಾಣಿಸಿಕೊಳ್ಳುವುದು ಬೀಜದಿಂದ. ಅದಕ್ಕೆ ಬೇಕಾದದ್ದು ಹೂ ಬಾಡುವ ಮೊದಲೇ ಬರುವ ಒಂದು ಕತ್ತರಿ. ಕಾಂಫ್ರಿ ಗಿಡದ ಬೇರು ಸೀದಾ ಆಳಕ್ಕಿಳಿಯುತ್ತದೆ, ಅಗೆದಾಗ ಮುರಿದ ಚೂರಿನಿಂದ ಮತ್ತೆ ಏಳುತ್ತದೆ, 45 ಸೆಂ.ಮೀ. ಹಾಳೆಯಿಂದ ಅದಕ್ಕೆ ಏನೂ ಆಗುವುದಿಲ್ಲ.